ಬಿದ್ದ ಪೆಟ್ಟು ಒಂದೇ, ವಯಸ್ಸು ಬೇರೆ



ಸಂಘದ ಸಭೆಯಲ್ಲಿ ತುರ್ತು ಸಾಲ ಕೇಳಿದವರನ್ನು ಕಾರಣ ಕೇಳಿದರೆ, "ಮಗ ಪೇರಳೆ ಮರದಿಂದ ಬಿದ್ದ", "ಅತ್ತೆ ಬಚ್ಚಲಲ್ಲಿ ಜಾರಿದ್ರು" ಎಂಬ ಉತ್ತರ ನಮಗೆ ಹೊಸದಲ್ಲ. ಮರದಿಂದ ಬಿದ್ದ ಹುಡುಗ ಒಂದೆರಡು ತಿಂಗಳಲ್ಲಿ ಮತ್ತೆ ಮರ ಹತ್ತುತ್ತಾನೆ. ನಿಂತ ನೆಲದಲ್ಲೇ ಜಾರಿದ ಅತ್ತೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಯಾಕೆ ಹೀಗೆ?

ಮಕ್ಕಳ ಮೂಳೆ ಹಸಿ ಕೊಂಬೆಯ ಹಾಗೆ. ಬಾಗುತ್ತದೆ, ಒಂದು ಬದಿ ಸೀಳುತ್ತದೆ, ಬೇಗ ಕೂಡಿಕೊಳ್ಳುತ್ತದೆ. ಹಾಗಂತ ಅಸಡ್ಡೆ ಬೇಡ. ಮೂಳೆಯ ತುದಿಯಲ್ಲಿ ಬೆಳೆಯುವ ಭಾಗ ಇರುತ್ತದೆ. ಅಲ್ಲಿಗೆ ಪೆಟ್ಟಾದರೆ ಕೈಕಾಲು ಸೊಟ್ಟಗೆ ಅಥವಾ ಗಿಡ್ಡಕ್ಕೆ ಬೆಳೆಯಬಹುದು. ಮೊಣಕೈ ಹತ್ತಿರ ಮುರಿದಾಗ ಬಿದಿರು ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟು ಹಾಕಿಸುವವರು ಇದ್ದಾರೆ. ಬೆರಳು ತಣ್ಣಗಾಗಿ, ಬೆಳ್ಳಗೆ ಅಥವಾ ನೀಲಿಯಾಗಿ, ಜೋಮು ಹಿಡಿದರೆ ರಕ್ತ ಸರಿಯಾಗಿ ಓಡುತ್ತಿಲ್ಲ ಎಂದರ್ಥ. ಆ ಕ್ಷಣವೇ ಕಟ್ಟು ಸಡಿಲಿಸಿ ಆಸ್ಪತ್ರೆಗೆ ಓಡಿ. ಕೆಲವೇ ಗಂಟೆ ತಡವಾದರೂ ಕೈ ಶಾಶ್ವತವಾಗಿ ಊನವಾಗಬಹುದು.

ಇನ್ನು ನಮ್ಮ ಸರದಿ. ಮೂವತ್ತರ ಆಸುಪಾಸಿನವರೆಗೆ ಗಟ್ಟಿಯಾಗುತ್ತಾ ಬಂದ ಮೂಳೆ ಆಮೇಲೆ ನಿಧಾನವಾಗಿ ಸವೆಯುತ್ತದೆ. ಮುಟ್ಟು ನಿಂತ ನಂತರದ ಕೆಲವು ವರ್ಷ ಹೆಂಗಸರಲ್ಲಿ ಈ ಸವೆತ ಬಹಳ ಜೋರು, ಏಕೆಂದರೆ ಮೂಳೆಯನ್ನು ಕಾಯುತ್ತಿದ್ದ ಈಸ್ಟ್ರೋಜೆನ್ ಹಾರ್ಮೋನ್ ಕಡಿಮೆಯಾಗಿರುತ್ತದೆ. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆಸಿಕೊಂಡವರಿಗೆ ಇದು ಇನ್ನೂ ಬೇಗ ಶುರುವಾಗುತ್ತದೆ. (ಆಪರೇಷನ್ನಿಗೆ ಒಪ್ಪುವ ಮೊದಲು ಈ ಪ್ರಶ್ನೆ ಕೇಳುವವರು ನಮ್ಮಲ್ಲಿ ಎಷ್ಟು ಜನ?) ನಡೆಯುವಾಗ ಎಡವಿ ಕೈಯೂರಿದ್ದಕ್ಕೇ ಮಣಿಕಟ್ಟು ಮುರಿದರೆ ಅದನ್ನು ಬರೀ ಗ್ರಹಚಾರ ಅನ್ನಬೇಡಿ. ಮೂಳೆ ಟೊಳ್ಳಾಗಿದೆ ಎಂಬ ಮೊದಲ ಸೂಚನೆ ಇರಬಹುದು, ವೈದ್ಯರಿಗೆ ತೋರಿಸಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ತೀರಾ ಕಡಿಮೆ. ಅನ್ನ ಹೆಚ್ಚಾಗಿ ಮುದ್ದೆ ಬಿಟ್ಟ ಮನೆಗಳು ಸ್ವಲ್ಪ ಯೋಚಿಸಲಿ. ಬಿಸಿಲೂ ಬೇಕು, ನಡಿಗೆಯೂ ಬೇಕು.

ಹಿರಿಯರ ವಿಷಯದಲ್ಲಿ ನಾವು ಸ್ವಲ್ಪ ಕಟುವಾಗಿಯೇ ಹೇಳುತ್ತೇವೆ. ಅಜ್ಜಿ ಬಿದ್ದರು, ನಿಲ್ಲಲಾಗುತ್ತಿಲ್ಲ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದೆ ಎಂದರೆ ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಿರುವ ಸಾಧ್ಯತೆ ಹೆಚ್ಚು. ಎಣ್ಣೆ ಹಾಕಿ ತಿಕ್ಕಬೇಡಿ, ಎಬ್ಬಿಸಿ ನಡೆಸಬೇಡಿ, 108ಕ್ಕೆ ಫೋನ್ ಮಾಡಿ. "ಈ ವಯಸ್ಸಲ್ಲಿ ಆಪರೇಷನ್ ಯಾಕೆ, ಮಲಗಿರಲಿ ಬಿಡಿ" ಎನ್ನುವ ಮಾತು ಕನಿಕರದ ಹಾಗೆ ಕೇಳಿಸುತ್ತದೆ. ಆದರೆ ಮುದಿ ದೇಹಕ್ಕೆ ಮುರಿದ ಮೂಳೆಗಿಂತ ಮಲಗಿರುವುದೇ ದೊಡ್ಡ ಅಪಾಯ. ಬೆನ್ನಿನಲ್ಲಿ ಹಾಸಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರದ ಸೋಂಕು, ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ಆಪರೇಷನ್ ಮಾಡುವುದು ಅವರು ಓಡಾಡಿ ದುಡಿಯಲಿ ಅಂತಲ್ಲ, ನೋವಿಲ್ಲದೆ ಎದ್ದು ಕೂತು ಬಚ್ಚಲಿಗೆ ಹೋಗಿ ಬರಲಿ ಅಂತ. ಆದಷ್ಟೂ ಒಂದೆರಡು ದಿನದೊಳಗೆ ಆಗಬೇಕು. ಹಣ ಹೊಂದಿಸಲು ವಾರಗಟ್ಟಲೆ ಕಾಯುತ್ತಾ ಕೂರುವ ಬದಲು ಆಸ್ಪತ್ರೆಯಲ್ಲೇ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅದರಲ್ಲಿ ಅವಕಾಶವಿದೆ.

ತಲೆಯ ಪೆಟ್ಟು ಇನ್ನೂ ಮೋಸದ್ದು. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗಿ, ಅದಕ್ಕೂ ಬುರುಡೆಗೂ ನಡುವಿನ ಸಣ್ಣ ರಕ್ತನಾಳಗಳು ಎಳೆದ ದಾರದಂತಾಗಿರುತ್ತವೆ. ಬಾಗಿಲಿಗೆ ತಲೆ ತಾಗಿದ್ದಕ್ಕೂ ಒಳಗೆ ರಕ್ತ ನಿಧಾನವಾಗಿ ಒಸರಬಹುದು. ಎರಡು ಮೂರು ವಾರವಾದ ಮೇಲೆ ತಲೆನೋವು, ತೂರಾಡುವುದು, ಮಾತು ತೊದಲುವುದು, ಯಾವಾಗಲೂ ಮಂಪರು ಕಾಣಿಸುತ್ತದೆ. ಮನೆಯವರು "ಅರವತ್ತಕ್ಕೆ ಅರಳು ಮರಳು" ಅಂತ ಸುಮ್ಮನಾಗಿಬಿಡ್ತಾರೆ. ಸ್ಕ್ಯಾನಿನಲ್ಲಿ ಇದು ಗೊತ್ತಾಗುತ್ತದೆ, ಸಣ್ಣ ಆಪರೇಷನ್ನಿನಿಂದ ಅನೇಕರು ಮೊದಲಿನಂತಾಗುತ್ತಾರೆ.

ಬೀಳುವುದನ್ನೇ ತಪ್ಪಿಸುವುದು ಹೆಚ್ಚಾಗಿ ಮನೆಯೊಳಗಿನ ಕೆಲಸ. ಬಚ್ಚಲಿನ ಪಾಚಿ ಉಜ್ಜಿ, ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸಿ, ರಾತ್ರಿ ಹಿತ್ತಲ ದಾರಿಯಲ್ಲಿ ಒಂದು ಬಲ್ಬ್ ಉರಿಯಲಿ. ಕಣ್ಣಿನ ಪೊರೆ ಇದ್ದರೆ ತೆಗೆಸಿ. ಬಿ.ಪಿ. ಮಾತ್ರೆ, ನಿದ್ದೆ ಮಾತ್ರೆ ನುಂಗುವವರಿಗೆ ಥಟ್ಟನೆ ಎದ್ದರೆ ತಲೆ ಸುತ್ತಬಹುದು. ಹಾಸಿಗೆಯಲ್ಲಿ ಎರಡು ನಿಮಿಷ ಕೂತು ಆಮೇಲೆ ಏಳಲು ಹೇಳಿ.

ಬಿದ್ದವರನ್ನು ಆಸ್ಪತ್ರೆಗೆ ಒಯ್ಯುವಾಗ ರೇಷನ್ ಕಾರ್ಡು, ಆಧಾರ್ ಜೊತೆಗೆ ಅವರು ದಿನಾ ನುಂಗುವ ಮಾತ್ರೆಗಳ ಚೀಟಿಯನ್ನೂ ಇಟ್ಟುಕೊಳ್ಳಿ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ಅದರಲ್ಲಿದ್ದರೆ ವೈದ್ಯರಿಗೆ ಮೊದಲೇ ಹೇಳಿಬಿಡಿ. ಅಂಥವರಿಗೆ ತಲೆಗೆ ಪೆಟ್ಟು ಬಿದ್ದಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಅದೇ ದಿನ ತೋರಿಸಬೇಕು.