ಸೈ ಕೈ

ನಮ್ಮ ಅಣ್ಣನ ಮೊಮ್ಮಗಳೊಬ್ಬಳು ಅಮೆರಿಕದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಾಳೆ. ಕಳೆದ ವರ್ಷ ಅವಳಿಗೆ ಒಂದು ಆಹ್ವಾನ ಬಂತು: ‘ಸೈ ಕೈ’ ಎಂಬ ಗೌರವ ಸಂಘವನ್ನು ಸೇರಲು ನೀನು ಅರ್ಹಳು, ಶುಲ್ಕ ಕಟ್ಟಿ ಸದಸ್ಯಳಾಗಬಹುದು ಎಂದು. ಅವಳ ತಂದೆಗೆ ಸಂಶಯ. ಗೌರವ ಕೊಡುವವರು ಹಣ ಕೇಳುವುದೆಂದರೇನು, ಇದು ಬಿರುದು ಮಾರುವ ಅಂಗಡಿಯೇ ಇರಬೇಕು ಎಂದು ಆತನ ವಾದ. “ಚಿಕ್ಕ ತಾತ, ನೀವು ಅಷ್ಟು ವರ್ಷ ಮೇಷ್ಟರಾಗಿದ್ದವರು, ಸೇರಲೋ ಬೇಡವೋ ಹೇಳಿ” ಎಂದು ಹುಡುಗಿ ನನ್ನನ್ನು ಕೇಳಿದಳು. ಕನ್ನಡ ಪಾಠ ಹೇಳಿದವನಿಗೆ ಮನಶ್ಶಾಸ್ತ್ರದ ಸಂಘದ ಗೊಡವೆ ಎಲ್ಲಿಯದು? ಆದರೂ ಕೇಳಿದ ಮೇಲೆ ವಿಚಾರಿಸದೆ ಇರಲಾಗಲಿಲ್ಲ. ವಿಚಾರಿಸಿ ತಿಳಿದುದನ್ನೇ ಈ ಹೊತ್ತು ನಿಮ್ಮ ಮುಂದಿಡುತ್ತಿದ್ದೇನೆ.

ಗ್ರೀಕ್ ಅಕ್ಷರಗಳನ್ನು ಹೆಸರಾಗಿಟ್ಟುಕೊಂಡ ವಿದ್ಯಾರ್ಥಿ ಸಂಘಗಳು ಅಮೆರಿಕದಲ್ಲಿ ಬಹು ಹಳೆಯವು. ಅವುಗಳಲ್ಲಿ ಹಿರಿಯದಾದ ಫೈ ಬೀಟಾ ಕಪ್ಪ 1776ರಲ್ಲಿ, ಆ ದೇಶ ಸ್ವಾತಂತ್ರ್ಯವನ್ನು ಸಾರಿದ ವರ್ಷವೇ, ವರ್ಜೀನಿಯದ ವಿಲಿಯಂ ಮತ್ತು ಮೇರಿ ಕಾಲೇಜಿನಲ್ಲಿ ಹುಟ್ಟಿತು. ಮುಂದೆ ಒಂದೊಂದು ಶಾಸ್ತ್ರದ ವಿದ್ಯಾರ್ಥಿಗಳೂ ತಮ್ಮ ತಮ್ಮದೆಂಬ ಸಂಘ ಕಟ್ಟಿಕೊಂಡರು. ಮನಶ್ಶಾಸ್ತ್ರದವರಿಗೂ ಒಂದು ಬೇಕು ಎಂಬ ಯೋಚನೆ 1927ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳಿಗೆ ಬಂತು: ಫ್ರೆಡರಿಕ್ ಲೂಯಿಸ್, ಎಡ್ವಿನ್ ನ್ಯೂಮನ್. ಎರಡು ವರ್ಷದ ಓಡಾಟದ ನಂತರ, 1929ರ ಸೆಪ್ಟೆಂಬರ್ 4ರಂದು, ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸಂಘ ಸ್ಥಾಪನೆಯಾಯಿತು. ಆ ವಾರ ಅಲ್ಲಿ ಒಂಬತ್ತನೆಯ ಅಂತರರಾಷ್ಟ್ರೀಯ ಮನಶ್ಶಾಸ್ತ್ರ ಸಮ್ಮೇಳನ ನೆರೆದಿತ್ತು. ಎಂಬತ್ತರ ಹೊಸ್ತಿಲಲ್ಲಿದ್ದ ಪಾವ್ಲೋವ್ ರಷ್ಯದಿಂದ ಬಂದಿದ್ದರು. ಹಿರಿಯ ಮಹನೀಯರ ಆ ಸಂತೆಯಲ್ಲಿ ಹುಡುಗರು ತಮ್ಮದೊಂದು ಚಪ್ಪರ ಹಾಕಿಕೊಂಡರೆನ್ನಬೇಕು.

ಆಗಿನ ಹೆಸರು ‘ಸಿಗ್ಮಾ ಪೈ ಸಿಗ್ಮಾ’. ಅದನ್ನು ಭೌತಶಾಸ್ತ್ರದವರು ಮೊದಲೇ ಇಟ್ಟುಕೊಂಡಿದ್ದುದರಿಂದ ಮರುವರ್ಷ ಬದಲಾಯಿಸಬೇಕಾಯಿತು. ಬದಲಾದದ್ದು ಒಳ್ಳೆಯದೇ ಆಯಿತು. ‘ಸೈ’ ಎಂಬುದು ಸೈಕೆ, ಅಂದರೆ ಮನಸ್ಸು ಅಥವಾ ಆತ್ಮ, ಎಂಬ ಗ್ರೀಕ್ ಮಾತಿನ ಮೊದಲಕ್ಷರ. ‘ಕೈ’ ಎಂಬ ಅಕ್ಷರ ನಿಂತಿರುವುದು ಆ ಭಾಷೆಯಲ್ಲಿ ಕೈಗಳು ಎಂಬರ್ಥದ ಶಬ್ದಕ್ಕೆ. ಕನ್ನಡ ಕಿವಿಗೆ ಇದಕ್ಕಿಂತ ಸೋಜಿಗ ಬೇಕೆ! ಇದು ಕೇವಲ ಕಾಕತಾಳೀಯ. ಇದರ ಆಧಾರದ ಮೇಲೆ ಗ್ರೀಕಿಗೂ ಕನ್ನಡಕ್ಕೂ ನಂಟು ಹೇಳಲು ಯಾರೂ ಹೊರಡಬಾರದು. ಆದರೆ ನಮ್ಮಲ್ಲಿ ‘ಸೈ ಎನ್ನಿಸಿಕೊಳ್ಳುವುದು’ ಎಂಬ ಮಾತೂ ಇದೆಯಷ್ಟೆ. ವಿದ್ಯೆಯಲ್ಲಿ ಸೈ ಎನ್ನಿಸಿಕೊಂಡವರು ಕೈ ಕೈ ಹಿಡಿಯುವುದು, ಇದೇ ಆ ಸಂಘದ ಉದ್ದೇಶವೂ ಹೌದು.

ಅದೇ ದಶಕದಲ್ಲಿ, 1924ರಲ್ಲಿ, ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲೂ ಮನಶ್ಶಾಸ್ತ್ರ ವಿಭಾಗ ತೆರೆದಿತ್ತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ 30 ವ್ಯಾಟಿನ ಪುಟ್ಟ ಪ್ರಸಾರ ಯಂತ್ರವಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದವರು. ನಾನಿಂದು ಮಾತಾಡುತ್ತಿರುವ ಈ ಮಾಧ್ಯಮವೂ ಒಬ್ಬ ಮನಶ್ಶಾಸ್ತ್ರದ ಮೇಷ್ಟರ ಕೈಯ ಋಣದಲ್ಲಿದೆ ಎಂದು ನೆನೆಯದೆ ಮುಂದೆ ಹೋಗಲಾರೆ.

ಸೇರುವ ನಿಯಮಗಳು ಹೀಗಿವೆ. ಅಮೆರಿಕದ ಪದವಿ ವಿದ್ಯಾರ್ಥಿ ಮೂರು ಸೆಮಿಸ್ಟರು ಮುಗಿಸಿರಬೇಕು. ಮನಶ್ಶಾಸ್ತ್ರದಲ್ಲಿ 9 ಕ್ರೆಡಿಟ್‌ಗಳಾದರೂ ಆಗಿರಬೇಕು. ಆ ವಿಷಯದಲ್ಲಿ ನಾಲ್ಕಕ್ಕೆ ಮೂರರ ಸರಾಸರಿ ಇರಬೇಕು. ಒಟ್ಟು ಓದಿನಲ್ಲಿ ತನ್ನ ತರಗತಿಯ ಮೇಲಿನ ಶೇಕಡಾ 35ರೊಳಗೆ ಬರಬೇಕು. ಕೆಲವು ಕಾಲೇಜುಗಳು ಇದಕ್ಕಿಂತ ಬಿಗಿ ಮಾಡುವುದುಂಟು. ಶುಲ್ಕ ಒಂದೇ ಸಲ, ಸದಸ್ಯತ್ವ ಜೀವನಪರ್ಯಂತ. ತಂದೆಯ ಸಂಶಯ ಅಕಾರಣವಲ್ಲ. ಹೆಸರಿಗೆ ಗೌರವ, ಕಸುಬು ವ್ಯಾಪಾರ ಎಂಬಂಥವೂ ಅಲ್ಲಿವೆ. ಪರೀಕ್ಷಿಸುವ ಬಗೆ ಸುಲಭ. ಸಂಘಕ್ಕೆ ನಿಮ್ಮ ಕಾಲೇಜಿನಲ್ಲೇ ಶಾಖೆಯಿದೆಯೆ? ವಿಭಾಗದ ಅಧ್ಯಾಪಕರೊಬ್ಬರು ಅದರ ಸಲಹೆಗಾರರಾಗಿದ್ದಾರೆಯೆ? 1925ರಿಂದ ಇರುವ ಕಾಲೇಜು ಗೌರವ ಸಂಘಗಳ ಒಕ್ಕೂಟ ಅದನ್ನು ಒಪ್ಪಿದೆಯೆ? ಸೈ ಕೈ 1965ರಲ್ಲೇ ಆ ಒಕ್ಕೂಟವನ್ನು ಸೇರಿದೆ. ತಂದೆ ಸಮಾಧಾನಗೊಂಡ.

ಮಗಳು ಗೊಳ್ಳಲಿಲ್ಲ. ಅವಳ ಮನಸ್ಸಿನಲ್ಲಿದ್ದುದು ಶುಲ್ಕವಲ್ಲವೆಂದು ನನಗೆ ಆಮೇಲೆ ತಿಳಿಯಿತು. ಅವಳ ಕೊಠಡಿಯ ಗೆಳತಿ ಅವಳಿಗಿಂತ ಚುರುಕು. ರಾತ್ರಿ ಪಾಳಿಯಲ್ಲಿ ದುಡಿದು ಓದುವವಳು. ಶೇಕಡಾ 35ರ ಗೆರೆಯಿಂದ ಸ್ವಲ್ಪದರಲ್ಲೇ ಹೊರಗುಳಿದಿದ್ದಳು. “ಅವಳನ್ನು ಬಿಟ್ಟು ನಾನೊಬ್ಬಳೇ ಹೋಗಿ ಮೇಣದ ಬತ್ತಿ ಹಚ್ಚಲೆ?” ಎಂದಳು.

ಈ ಪ್ರಶ್ನೆ ನನಗೆ ನಾಟಿತು. ನಾನು ಎಂ.ಎ. ಓದುವಾಗ ನಮ್ಮ ಕಾಲೇಜಿನಲ್ಲಿ ಮೊದಲ ದರ್ಜೆಯವರಿಗಷ್ಟೇ ಪ್ರವೇಶವಿದ್ದ ಒಂದು ಸಾಹಿತ್ಯಕೂಟವಿತ್ತು. ನನ್ನ ಸ್ನೇಹಿತನೊಬ್ಬನಿಗೆ ಹಳಗನ್ನಡದ ನೂರಾರು ಪದ್ಯ ಬಾಯಿಗೆ ಬರುತ್ತಿತ್ತು, ಪರೀಕ್ಷೆಯಲ್ಲಿ ಮಾತ್ರ ಕೈ ಓಡುತ್ತಿರಲಿಲ್ಲ. ಕೂಟ ನಡೆಯುವಾಗ ಅವನು ಹೊರಗಿನ ಜಗುಲಿಯಲ್ಲಿ ನನಗಾಗಿ ಕಾಯುತ್ತ ಕೂತಿರುತ್ತಿದ್ದ. ಒಳಗೆ ನಾವು ತಡವರಿಸುತ್ತಿದ್ದ ಪದ್ಯ ಅವನಿಗೆ ಗೊತ್ತಿತ್ತು. ಅವನನ್ನು ಕರೆಯೋಣವೆಂದು ನಾನು ಒಂದು ದಿನವೂ ಬಾಯಿ ಬಿಡಲಿಲ್ಲ.

ಹುಡುಗಿಗೆ ಇದನ್ನು ಹೇಳಿದೆ. ಸೇರಬೇಡವೆಂದು ಹೇಳಲಿಲ್ಲ, ಗಳಿಸಿದ್ದನ್ನು ಒಲ್ಲೆನೆಂದರೆ ಗೆಳತಿಗೆ ಏನೂ ದಕ್ಕುವುದಿಲ್ಲ. ಸಂಘದಿಂದ ಸಂಶೋಧನೆಗೆ ಧನಸಹಾಯ, ಬಹುಮಾನ, ಸಮ್ಮೇಳನಗಳಲ್ಲಿ ಪ್ರಬಂಧ ಮಂಡಿಸುವ ಅವಕಾಶ ಎಲ್ಲ ಉಂಟು. ಬರಿಯ ಪ್ರಮಾಣಪತ್ರ ಪಡೆದು ಪೆಟ್ಟಿಗೆಯಲ್ಲಿಡುವವರಿಗೆ ಇದಾವುದೂ ಇಲ್ಲ, ಅಷ್ಟೆ. ಅನೇಕ ಕಾಲೇಜುಗಳಲ್ಲಿ ಈ ಸಂಘದ ಜೊತೆಜೊತೆಗೇ ಎಲ್ಲರಿಗೂ ತೆರೆದ ಮನಶ್ಶಾಸ್ತ್ರ ಕ್ಲಬ್ಬೊಂದು ನಡೆಯುತ್ತದೆ, ಸಭೆಗಳೂ ಒಟ್ಟಿಗೇ ಸೇರುತ್ತವೆ. ನಿಮ್ಮಲ್ಲಿ ಇದೆಯೇ ನೋಡು, ಇಲ್ಲದಿದ್ದರೆ ಸಲಹೆಗಾರರನ್ನು ಕೇಳು ಎಂದೆ.

ಇತ್ತಂತೆ. ಸೇರ್ಪಡೆಯ ದಿನದ ಚಿತ್ರವನ್ನು ನನಗೆ ಕಳುಹಿಸಿದಳು: ಕೈಯಲ್ಲಿ ಉರಿಯುವ ಬತ್ತಿ, ಮುಖದಲ್ಲಿ ನಗು. ಚಿತ್ರ ತೆಗೆದವಳು ಆ ಗೆಳತಿಯೇ. ರಾತ್ರಿ ಪಾಳಿಯಲ್ಲಿ ದುಡಿಯುವ ವಿದ್ಯಾರ್ಥಿಗಳ ನಿದ್ರೆ ಮತ್ತು ನೆನಪಿನ ಬಗ್ಗೆ ಇಬ್ಬರೂ ಸೇರಿ ಒಂದು ಅಧ್ಯಯನ ಮಾಡುತ್ತಿದ್ದಾರೆ, ಯೋಚನೆ ಗೆಳತಿಯದು. ಪ್ರಾದೇಶಿಕ ಸಮ್ಮೇಳನಕ್ಕೆ ಅದರ ಸಾರಾಂಶವನ್ನು ಎರಡು ಹೆಸರಿನಲ್ಲೂ ಕಳುಹಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.