ತಾವೇ ರೂಪಿಸಿದ ಆಪರೇಷನ್ ಬೇಡ ಎಂದ ಡಾಕ್ಟರು

ಇಲ್ಲಿ ಬೇ ಏರಿಯಾದಲ್ಲಿ ಬೇಸಿಗೆ ಅಂದ್ರೆ ಊರಿಂದ ಅಪ್ಪ-ಅಮ್ಮ ಬಂದಿಳಿಯುವ ಕಾಲ. ಜೊತೆಗೇ ಒಂದು ಪ್ರಶ್ನೆಯೂ ಬರುತ್ತೆ: ಎಂಬತ್ತು ದಾಟಿದವರಿಗೆ ಎದೆ ತೆರೆದು ಆಪರೇಷನ್ ಮಾಡಿಸಬಹುದಾ? ಇವತ್ತು 97 ವರ್ಷದ ಒಬ್ಬ ರೋಗಿಯ ಕಥೆ ಹೇಳ್ತೀವಿ.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮಹಾಪಧಮನಿ. ಅದರ ಗೋಡೆ ಸಡಿಲವಾಗಿ, ಹಳೇ ಸೈಕಲ್ ಟ್ಯೂಬಿನ ಹಾಗೆ ಉಬ್ಬಿದರೆ ಅದು ಅನ್ಯೂರಿಸಂ. ಗೋಡೆಯ ಒಳಪದರ ಹರಿದು ರಕ್ತ ಪದರಗಳ ಮಧ್ಯೆ ನುಗ್ಗಿದರೆ ಡಿಸೆಕ್ಷನ್. ಇದು ಅಪರೂಪ, ವರ್ಷಕ್ಕೆ ಲಕ್ಷ ಜನರಲ್ಲಿ ಮೂರ್ನಾಲ್ಕು ಮಂದಿಗೆ ಬರಬಹುದು ಅಷ್ಟೇ. ಆದರೆ ಬಂದರೆ ಕಾಯುವ ಕಾಯಿಲೆಯಲ್ಲ.

ಹ್ಯೂಸ್ಟನ್ನಿನ ಸರ್ಜನ್ ಮೈಕಲ್ ಡಿಬೇಕಿ ಇದನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. 1970ರಲ್ಲಿ ನಮ್ಮ ಪಕ್ಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಾರ್ಮನ್ ಶಮ್‌ವೇ ಅವರ ತಂಡ ಅದನ್ನು ಎರಡಕ್ಕೆ ಇಳಿಸಿತು. ಹರಿದದ್ದು ಹೃದಯದಿಂದ ಮೇಲೇರುವ ಭಾಗವನ್ನು ಮುಟ್ಟಿದ್ದರೆ 'ಎ', ಮುಟ್ಟದಿದ್ದರೆ 'ಬಿ'. 'ಎ' ಆದರೆ ಸಾಮಾನ್ಯವಾಗಿ ತಕ್ಷಣ ಆಪರೇಷನ್. 'ಬಿ' ಆದರೆ ಮೊದಲು ರಕ್ತದೊತ್ತಡ ಇಳಿಸುವ ಔಷಧಿ. ಎಮರ್ಜೆನ್ಸಿ ವಾರ್ಡಿನಲ್ಲಿ ನಿಂತ ಡಾಕ್ಟರಿಗೆ ಬೇಕಾದ್ದೂ ಇಷ್ಟೇ ಅಲ್ವಾ?

ಈಗ ಕೇಳಿ. 2005ರ ಡಿಸೆಂಬರ್ 31ರಂದು ಎದೆ, ಕತ್ತು ಸೀಳಿದಂಥ ನೋವಿನಿಂದ ನರಳಿದವರು ಸ್ವತಃ ಡಿಬೇಕಿ! ಸ್ಟ್ಯಾನ್‌ಫರ್ಡ್ ಲೆಕ್ಕದಲ್ಲಿ 'ಎ', ಅವರದೇ ಲೆಕ್ಕದಲ್ಲಿ ಎರಡನೇ ಬಗೆ. ಡೇಕ್ರಾನ್ ಬಟ್ಟೆಯನ್ನು ಮನೆಯ ಹೊಲಿಗೆ ಮೆಷಿನ್ನಿನಲ್ಲಿ ಕೊಳವೆಯಾಗಿ ಹೊಲಿದು, ಕೆಟ್ಟ ರಕ್ತನಾಳದ ಜಾಗಕ್ಕೆ ಜೋಡಿಸಿ ತೋರಿಸಿದ್ದವರು ಅವರೇ. ಆದರೂ ತಮಗೆ ಆಪರೇಷನ್ ಬೇಡ ಅಂದರು. ಬದುಕಿ ಉಳಿದು ಮೆದುಳೋ ಕೈಕಾಲೋ ಹೋದರೆ ಎಂಬ ಭಯ.

ವಾರಗಳು ಕಳೆದವು, ಉಬ್ಬು ಬೆಳೆಯಿತು, ಅವರಿಗೆ ಎಚ್ಚರ ತಪ್ಪಿತು. ಈ ವಯಸ್ಸಿಗೆ ಅರಿವಳಿಕೆ ಕೊಡಲು ಆಸ್ಪತ್ರೆಯ ತಜ್ಞರೇ ಒಪ್ಪಲಿಲ್ಲ. ರೋಗಿ ಬೇಡ ಎಂದಿದ್ದಾರಲ್ಲ, ಈಗೇನು ಮಾಡೋದು? ನೀತಿ ಸಮಿತಿ ಸೇರಿತು. ಚರ್ಚೆ ಮುಗಿಯುವುದನ್ನು ಕಾಯದೆ ಹೆಂಡತಿ ಕ್ಯಾಟ್ರಿನ್ ಸಭೆಗೇ ನುಗ್ಗಿ, ತಕ್ಷಣ ಆಪರೇಷನ್ ಮಾಡಿ ಎಂದು ಪಟ್ಟು ಹಿಡಿದರು. ಫೆಬ್ರವರಿ 9ರ ರಾತ್ರಿ, ಬಹುಕಾಲದ ಸಹೋದ್ಯೋಗಿ ಜಾರ್ಜ್ ನೂನ್ ಕತ್ತಿ ಹಿಡಿದರು. ಸುಮಾರು ಏಳು ಗಂಟೆ. ಕೆಟ್ಟ ಭಾಗ ತೆಗೆದು ಅದೇ ಡೇಕ್ರಾನ್ ಕೊಳವೆ ಹೊಲಿದರು.

ಗೆದ್ದರು ಅಂತ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಆಮೇಲೆ ವೆಂಟಿಲೇಟರ್, ಡಯಾಲಿಸಿಸ್, ಕೊಳವೆಯಲ್ಲಿ ಊಟ. ಮನೆ ಸೇರಿದ್ದು ಸೆಪ್ಟೆಂಬರ್‌ನಲ್ಲಿ. ಅಂಥ ಆರೈಕೆ ಎಷ್ಟು ಅಜ್ಜಂದಿರಿಗೆ ಸಿಕ್ಕೀತು ಹೇಳಿ! ನಮ್ಮ ಮಟ್ಟಿಗೆ, ವಯಸ್ಸೊಂದನ್ನೇ ನೋಡಿ ಬೇಡ ಅನ್ನುವುದೂ ತಪ್ಪು, ಇವರೊಬ್ಬರನ್ನು ತೋರಿಸಿ ಮಾಡಿಸಿ ಅನ್ನುವುದೂ ತಪ್ಪು. ಮೂತ್ರಪಿಂಡ, ಶ್ವಾಸಕೋಶ, ನೆನಪು ಹೇಗಿವೆ ಎಂದು ಡಾಕ್ಟರನ್ನು ಕೇಳಿ. ಅಪ್ಪನಿಗೆ ಏನು ಬೇಕು ಅಂತ ಅವರಿಗೆ ಎಚ್ಚರವಿರುವಾಗಲೇ ಅವರನ್ನೇ ಕೇಳಿ.

ಡಿಬೇಕಿ ಮತ್ತೆ ಕೆಲಸಕ್ಕೆ ಹೋದರು. ಆಪರೇಷನ್ ಮಾಡಿದ್ದು ಒಳ್ಳೆಯದೇ ಆಯಿತು ಎಂದರು. 2008ರ ಜುಲೈ 11ರಂದು ತೀರಿಕೊಂಡಾಗ ನೂರಕ್ಕೆ ಎರಡೇ ತಿಂಗಳು ಬಾಕಿ.