ಸಿಮೆಂಟಿಗೆ ಇಳಿದ ಕೆಸುವಿನೆಲೆ

ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ, ಮಳೆಗಾಲ ಬಂತೆಂದರೆ ಕೆಸು ತಾನಾಗಿ ಏಳುತ್ತದೆ. ಪತ್ರೊಡೆಗೆಂದು ಎಳೆಯ ಎಲೆಗಳನ್ನು ಎಷ್ಟು ಕೊಯ್ದರೂ ಭಾದ್ರಪದದ ಹೊತ್ತಿಗೆ ಮೊರದಗಲದ ನಾಲ್ಕಾರು ಎಲೆ ಉಳಿದೇ ಇರುತ್ತವೆ. ಬಲಿತ ಎಲೆಯೊಂದನ್ನು ಮಗುಚಿ ನೋಡಿ. ದಂಟಿನಿಂದ ಅಂಚಿನವರೆಗೆ ಹರಡಿದ ನರಗಳು ಬೆರಳಿಗೆ ಸಿಗುವಷ್ಟು ಉಬ್ಬಿರುತ್ತವೆ. ಆ ನರಗಳನ್ನು ಹಾಗೆಯೇ ಸಿಮೆಂಟಿಗೆ ಇಳಿಸಿದರೆ ಹಕ್ಕಿಗಳಿಗೆ ನೀರಿಡುವ ಚೆಂದದ ಬೋಗುಣಿಯಾಗುತ್ತದೆ. ಅಂಗಡಿಯಿಂದ ತರುವ ಬಾತುಕೋಳಿ, ಬುದ್ಧನ ಮುಖಗಳಿಗಿಂತ ನನಗೆ ಇದೇ ಹೆಚ್ಚು ಪ್ರಿಯ. ಹಿತ್ತಲಲ್ಲಿ ಬೆಳೆದದ್ದೇ ಹಿತ್ತಲಿಗೆ ಒಡವೆಯಾಗುತ್ತದಲ್ಲ!

ಸಿಮೆಂಟಿನ ಮೇಲೆ ನನಗೆ ಆಸೆ ಹುಟ್ಟಿದ್ದು ಶಿಗ್ಗಾವಿ ಬಳಿಯ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯಲ್ಲಿ ಹಳ್ಳಿಯ ಜನ, ದನಕರು, ದಿನನಿತ್ಯದ ಕೆಲಸಗಳೆಲ್ಲ ಅಲ್ಲಿ ಆಳೆತ್ತರಕ್ಕೆ ನಿಂತಿವೆ. ಗೋಡೆಗೆ ಬಳಿಯುವ ಅದೇ ಬೂದುಬಣ್ಣದ ಪುಡಿ ಬಟ್ಟೆಯ ಮಡಿಕೆಯನ್ನೂ ಮುಖದ ಸುಕ್ಕನ್ನೂ ಹಿಡಿದಿಡಬಲ್ಲದಾದರೆ ಎಲೆಯ ನರ ಯಾವ ಲೆಕ್ಕ ಅನ್ನಿಸಿತು.

ನೆರಳಿನಲ್ಲಿ ಒದ್ದೆ ಮರಳನ್ನು ಗುಡ್ಡೆ ಹಾಕಿ, ಬೋಗುಣಿ ಬೋರಲಿಟ್ಟಂತೆ ದುಂಡಗೆ ತಟ್ಟಬೇಕು. ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ. ದಂಟನ್ನು ಬುಡಕ್ಕೇ ಕತ್ತರಿಸಿದ ಎಲೆಯನ್ನು ಬೆನ್ನು ಮೇಲಾಗಿ ಅದರ ಮೇಲೆ ಹಾಸಬೇಕು. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಜರಡಿ ಹಿಡಿದ ನುಣ್ಣನೆ ಮರಳು, ಜಲ್ಲಿ ಬೇಡ. ಹಳೇ ಮನೆಗಳ ಕೆಂಪು ನೆಲದ ಬಣ್ಣ ಬೇಕೆಂದರೆ ಸಿಮೆಂಟಿನ ತೂಕದ ನೂರಕ್ಕೆ ಐದರಷ್ಟು ರೆಡ್ ಆಕ್ಸೈಡನ್ನು ಒಣದಾಗಿರುವಾಗಲೇ ಬೆರೆಸಿ. ನೀರನ್ನು ಮಾತ್ರ ಚೂರು ಚೂರೇ ಹಾಕಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಮೊದಲ ಪದರವನ್ನು ನರಗಳ ಸಂದಿಗೆ ಬೆರಳಿನಿಂದ ಒತ್ತಿ ಒತ್ತಿ ತುಂಬಿ. ಗಾಳಿ ಉಳಿದಲ್ಲೆಲ್ಲ ತೂತು ಬೀಳುತ್ತದೆ. ನಡುವೆ ಒಂದು ಇಂಚು ದಪ್ಪ, ಅಂಚಿಗೆ ಬರುತ್ತ ಅರ್ಧ ಇಂಚು. ನೆತ್ತಿಯಲ್ಲಿ ಅಂಗೈಯಗಲ ಸಮತಟ್ಟು ಮಾಡಿದರೆ ಮಗುಚಿದಾಗ ಅದೇ ಅಡಿ.

ಕೈಗವಸು ಮರೆಯಬೇಡಿ. ಕೆಸುವಿನ ತುರಿಕೆ ನಮಗೆಲ್ಲ ಗೊತ್ತು. ಹಸಿ ಸಿಮೆಂಟು ಅದಕ್ಕಿಂತ ಕೆಟ್ಟದ್ದು, ಚರ್ಮವನ್ನೇ ಸುಡುತ್ತದೆ.

ದೊಡ್ಡ ಎಲೆಯಾದರೆ ಅರ್ಧ ಮೆತ್ತಿದ ಮೇಲೆ ಕೋಳಿಗೂಡಿಗೆ ಹೊಡೆಯುವ ಜಾಲರಿಯ ತುಂಡೊಂದನ್ನಿಟ್ಟು ಉಳಿದದ್ದನ್ನು ಮೆತ್ತಬೇಕು. ಈ ಉಪಾಯಕ್ಕೂ ತೋಟಕ್ಕೂ ಹಳೆಯ ನಂಟು. ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ ಗಿಡದ ತೊಟ್ಟಿಗಳು ಒಡೆಯದಿರಲೆಂದು ಸಿಮೆಂಟಿನೊಳಗೆ ಕಬ್ಬಿಣದ ಜಾಲರಿ ಹುದುಗಿಸಿ 1867ರಲ್ಲಿ ಪೇಟೆಂಟ್ ಪಡೆದ. ಮುಂದೆ ಅದೇ ವಿಧಾನ ಕೊಳವೆಗೆ, ಸೇತುವೆಗೆ ಹೋಯಿತು. ಇವತ್ತಿನ ಆರ್‌ಸಿಸಿ ತಾರಸಿಯ ಹಿರೀಕರಲ್ಲಿ ಆ ಗಿಡದ ತೊಟ್ಟಿಯೂ ಒಂದು.

ನನ್ನ ಮೊದಲ ಬೋಗುಣಿ ಉಳಿಯಲಿಲ್ಲ. ಬೇಗ ಒಣಗಲೆಂದು ಬಿಸಿಲಿಗಿಟ್ಟಿದ್ದೆ. ಮೂರನೇ ದಿನ ಎತ್ತಿದರೆ ನಡುನರದ ಗುಂಟ ಸೀಳಿ ಎರಡು ಹೋಳಾಗಿ ಕೈಗೆ ಬಂತು. ಪಕ್ಕದ ಮನೆಯ ಕಾಂಪೌಂಡ್ ಕಟ್ಟುತ್ತಿದ್ದ ಮೇಸ್ತ್ರಿ ಹೋಳನ್ನು ತಿರುಗಿಸಿ ನೋಡಿ, "ಸಿಮೆಂಟು ಒಣಗಿ ಗಟ್ಟಿಯಾಗೋದಲ್ಲ ಅಕ್ಕಾ, ನೀರು ಕುಡಿದು ಗಟ್ಟಿಯಾಗೋದು" ಎಂದರು. ಇದರಷ್ಟು ನೇರವಾದ ಮಾತನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಸಿಮೆಂಟಿನ ಕಣ ನೀರಿನೊಡನೆ ಕೂಡಿಯೇ ಹರಳುಗಟ್ಟಬೇಕು; ಅಷ್ಟರೊಳಗೆ ನೀರು ಆರಿಹೋದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕಲಸುವಾಗ ಹೆಚ್ಚಾದ ನೀರು ಮಾತ್ರ ಆರಿದ ಮೇಲೆ ತನ್ನ ಜಾಗವನ್ನು ಪೊಳ್ಳಾಗಿ ಬಿಟ್ಟುಹೋಗುತ್ತದೆ. ಹಾಗಾಗಿ ಕಲಸುವಾಗ ಜಿಪುಣತನ, ಆಮೇಲೆ ಧಾರಾಳ. ಎರಡು ದಿನ ಪ್ಲಾಸ್ಟಿಕ್ ಹೊದಿಸಿ, ಮಗುಚಿ, ಎಲೆ ಬಿಡಿಸಿ, ಕನಿಷ್ಠ ಏಳು ದಿನ ಒದ್ದೆ ಗೋಣಿಚೀಲದಲ್ಲಿ ಸುತ್ತಿಡಬೇಕು. ಸಿಮೆಂಟಿನ ಬಲವನ್ನು ಎಂಜಿನಿಯರುಗಳು ಅಳೆಯುವುದು 28ನೇ ದಿನಕ್ಕೆ. ಮಳೆಗಾಲದ ಕೊನೆಯ ಥಂಡಿ ಗಾಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಎಲೆ ಬಿಡಿಸುವ ಗಳಿಗೆಗೆ ಮನೆಮಂದಿಯನ್ನೆಲ್ಲ ಕರೆಯುತ್ತೇನೆ. ಕಪ್ಪಿಟ್ಟ ಎಲೆ ಪಟ್ಟಿಪಟ್ಟಿಯಾಗಿ ಸುಲಿದು ಬರುತ್ತದೆ, ಅಡಿಯಲ್ಲಿ ಹಸಿರಿನ ಕಲೆ. ಉಬ್ಬಿದ್ದ ನರಗಳು ಈಗ ಸಣ್ಣ ಕಾಲುವೆಗಳು. ಅಂಟಿಕೊಂಡ ಚೂರುಗಳನ್ನು ಕೆರೆಯಬೇಡಿ, ಒಣಗಿದ ಮೇಲೆ ಬ್ರಷ್‌ಗೆ ತಾವಾಗಿ ಉದುರುತ್ತವೆ.

ಹೊಸ ಬೋಗುಣಿ ಸುಣ್ಣ ಬಿಡುತ್ತದೆ. ಎರಡು ಮೂರು ವಾರ ನೀರು ತುಂಬಿಸಿ ಚೆಲ್ಲಿದ ಮೇಲೆಯೇ ಹಕ್ಕಿಗಳಿಗಿಡಿ. ಆಳ ಎರಡು ಇಂಚು ಮೀರಬಾರದು, ಸೊಳ್ಳೆ ಮೊಟ್ಟೆಯಿಡದಂತೆ ದಿನವೂ ನೀರು ಬದಲಿಸಬೇಕು. ನಮ್ಮದು ಪೇರಲೆ ಮರದ ಕೆಳಗಿದೆ. ಬೆಳಿಗ್ಗೆ ಚೊಂಬಿನಿಂದ ಹನಿಸಿದ ನೀರು ಮೊದಲು ನಡುನರದಲ್ಲಿ ಓಡಿ, ಕವಲುಗಳಿಗೆ ಹಂಚಿಕೊಂಡು, ಆಮೇಲಷ್ಟೇ ಬೋಗುಣಿ ತುಂಬುತ್ತದೆ. ನಾಲ್ಕನೇ ವಾರದಲ್ಲಿ ಪಿಕಳಾರದ ಜೋಡಿಯೊಂದು ಅದರ ಅಂಚಿಗೆ ಬಂದು ಕೂತಿತು.